ಹೊಸಗದ್ದೆ ಅಮ್ಮನ ಡೇಟ್ ಆಫ್ ಬರ್ತ್

ಈ ವಯಸ್ಸಿನಲ್ಲಿ ಡಾಕ್ಟರ ಶಾಪಿಗೆ ಹೋಗುವುದರಲ್ಲಿ ನನಗೊಂದು ಗುಟ್ಟಿನ ಸುಖವಿತ್ತು. ಅಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನನ್ನ ಕೆಮ್ಮು ಕೇಳಿಸಿದರೆ ಸಾಕು, ಕಳಸದ ನಮ್ಮ ಹಳೇ ಡಾಕ್ಟರು ಒಳಗಿನಿಂದಲೇ ಔಷಧಿ ಬರೆಯಲು ಶುರುಮಾಡುತ್ತಿದ್ದರು. ಕಾಂಪೌಂಡರ್ ಶೇಷಪ್ಪ "ಹೊಸಗದ್ದೆ ಅಮ್ಮ ಬಂದ್ರು" ಎಂದು ಬೆಂಚು ಒರೆಸಿ ಕೂರಿಸುತ್ತಿದ್ದ. ಹೊಸಗದ್ದೆ ಎಂಬುದು ನಮ್ಮ ಎಸ್ಟೇಟಿನ ಹೆಸರು. ನಮ್ಮ ಕಡೆ ಮದುವೆಯಾಗಿ ಬಂದವಳು ಎಸ್ಟೇಟಿನ ಹೆಸರಿನಲ್ಲಿ ಕರಗಿಹೋಗುತ್ತಾಳೆ. ಅವಳನ್ನು ಹೆಸರು ಹಿಡಿದು ಕರೆಯುವುದು ಅಮರ್ಯಾದೆ. ನನ್ನನ್ನು ಕೊನೆಯದಾಗಿ 'ಗಿರಿಜಾ' ಎಂದವರು ಕಾನ್ವೆಂಟಿನ ಸಿಸ್ಟರ್ ಇರಬೇಕು, ಅಟೆಂಡೆನ್ಸ್ ತೆಗೆದುಕೊಳ್ಳುವಾಗ. ನಮ್ಮ ಯಜಮಾನರು ಜೀವನಪೂರ್ತಿ "ಇವಳೇ" ಎಂದೇ ಸುಧಾರಿಸಿದರು.

ಈಗ ಡಾಕ್ಟರ ಮಗಳು ಓದು ಮುಗಿಸಿ ಬಂದು ಅಪ್ಪನ ಪಕ್ಕದ ಕುರ್ಚಿ ಹಿಡಿದಿದ್ದಾಳೆ. ಜೊತೆಗೆ ಸ್ಟ್ಯಾಂಡರ್ಡ್ಸ್ ಬಂದಿವೆ. ಕೆಂಪು ಹಳದಿ ಬಕೆಟ್ಟುಗಳು, ಗಂಟೆಗೊಮ್ಮೆ ಕೈತೊಳೆತ, ಗೋಡೆಯ ಮೇಲೆ ಲ್ಯಾಮಿನೇಟ್ ಮಾಡಿದ ರೂಲ್ಸು. ಅದರಲ್ಲೊಂದು, ಇಂಜೆಕ್ಷನ್ನಿಗೆ ಮುಂಚೆ ಪೇಷೆಂಟು ತನ್ನ ಹೆಸರು, ಡೇಟ್ ಆಫ್ ಬರ್ತ್ ತಾನೇ ಹೇಳಬೇಕು.

ಮೊನ್ನೆ ತಿಂಗಳ ವಿಟಮಿನ್ ಇಂಜೆಕ್ಷನ್ನಿಗೆ ಹೋದೆ. ಶೇಷಪ್ಪ ಸಿರಿಂಜು, ಫೈಲು ತಂದಿಟ್ಟ. ನಾನು ರವಿಕೆಯ ತೋಳು ಮೇಲಕ್ಕೆ ಮಡಚಿದೆ. "ಡೇಟ್ ಆಫ್ ಬರ್ತ್ ಹೇಳಿ ಅಮ್ಮ" ಎಂದಳು ಡಾಕ್ಟರಮ್ಮ.

"ನೀನು ಹುಟ್ಟಿದಾಗ ಸ್ವೆಟರ್ ಹೆಣೆದು ಕೊಟ್ಟವಳು ನಾನು. ನಾನ್ಯಾರು ಅಂತ ಗೊತ್ತಿಲ್ವೇನೆ?"

"ಗೊತ್ತು. ಆದ್ರೂ ನೀವೇ ಹೇಳ್ಬೇಕು."

ಹೇಳಿದೆ. ದಿನ, ತಿಂಗಳು ಸರಿಯಾಗಿಯೇ ಹೇಳಿದೆ. ಇಸವಿಯಲ್ಲಿ ಮಾತ್ರ ನಾಲ್ಕು ವರ್ಷ ಡಿಸ್ಕೌಂಟ್ ಕೊಟ್ಟೆ. ಅವಳು ಫೈಲು ನೋಡಿ ಸಿರಿಂಜು ಕೆಳಗಿಟ್ಟಳು. "ಇದು ತಾಳೆ ಆಗ್ತಿಲ್ಲ."

ಸಿಕ್ಕಿಬಿದ್ದೆ ಎಂದುಕೊಂಡೆ. "ಒಂದು ನಾಲ್ಕು ವರ್ಷ ಆಚೀಚೆ ಇರಬಹುದಮ್ಮ" ಎಂದು ಕನ್ಫೆಷನ್ ಕೂಡ ಮಾಡಿದೆ.

"ತಿಂಗಳೂ ಬೇರೆ ಇದೆಯಲ್ಲ. ನಿಮ್ಮ ಹೆಸರೇನು?"

ಒಂದು ಕ್ಷಣ ಯೋಚಿಸಬೇಕಾಯಿತು. "ಗಿರಿಜಾ."

"ಇದು ಕಮಲಮ್ಮನವರ ಫೈಲು. ಸಿರಿಂಜಲ್ಲಿರೋದು ಪೆನಿಸಿಲಿನ್."

ಕಮಲ ನನ್ನ ಓರಗಿತ್ತಿ. ತೋಟ ಪಾಲಾದರೂ ಹೆಸರು ಪಾಲಾಗಲಿಲ್ಲ, ಅವಳೂ ಹೊಸಗದ್ದೆ ಅಮ್ಮನೇ. ಕಾಲಿನ ಊತಕ್ಕೆ ಅವಳಿಗೆ ತಿಂಗಳಿಗೊಂದು ಪೆನಿಸಿಲಿನ್. ನನಗೋ, ಬೋರ್ಡಿಂಗಿನಲ್ಲಿದ್ದಾಗ ಅದನ್ನೊಮ್ಮೆ ಚುಚ್ಚಿದ್ದಕ್ಕೆ ಉಸಿರು ಕಟ್ಟಿ, ಮುಖ ಕುಂಬಳಕಾಯಿಯಾಗಿ, ಸ್ಕೂಲ್ ಡೇ ನಾಟಕದ ಏಂಜಲ್ ಪಾರ್ಟು ಕೈತಪ್ಪಿತ್ತು. ಈ ಸಲ ನಿಜವಾಗಿಯೇ ಏಂಜಲ್ ಆಗಿಬಿಡುತ್ತಿದ್ದೆ.

ಶೇಷಪ್ಪ ಸ್ಟೂಲಿನ ಮೇಲೆ ಕುಸಿದ. "ಇಬ್ರೂ ಹೊಸಗದ್ದೆ ಅಮ್ಮನೇ ಅಲ್ವಾ..." ಎಂದ. ಡಾಕ್ಟರಮ್ಮ ಬೈಯಲಿಲ್ಲ. ಆದದ್ದನ್ನು ಒಂದು ಪುಸ್ತಕದಲ್ಲಿ ಬರೆದು, "ಇನ್ಮೇಲೆ ಹೆಸರು ಹಿಡಿದೇ ಕರೀರಿ ಶೇಷಪ್ಪ" ಎಂದಳು.

"ಅಮ್ಮಾವ್ರ ಹೆಸರು ಹಿಡಿಯೋದಾ? ನನ್ ನಾಲಿಗೆ ಹೊರಳಲ್ಲ ಮಾರಾಯ್ರೆ."

"ಹೊರಳಿಸೋ" ಎಂದೆ ನಾನು. "ನನ್ನ ಉಸಿರಿನ ಪ್ರಶ್ನೆ."

ಈಗ ಅವನು ನೆಲ ನೋಡುತ್ತಾ "ಗಿರಿಜಾ... ಅಮ್ಮಾವ್ರೇ" ಎಂದು ಕರೆಯುತ್ತಾನೆ. ನಾನು ಎದ್ದು ನಿಂತು "ಪ್ರೆಸೆಂಟ್, ಸಿಸ್ಟರ್" ಎನ್ನುವುದೊಂದು ಬಾಕಿ. ಬಿಪಿ ನೆಟ್ಟಗಿದ್ದರೂ ವಾರಕ್ಕೊಮ್ಮೆ ಚೆಕ್ ಮಾಡಿಸಲು ಹೋಗುತ್ತೇನೆ. ನನ್ನ ಹೆಸರು ಕೇಳಿಸುವ ಜಾಗ ಅದೊಂದೇ ನೋಡಿ. ಡೇಟ್ ಆಫ್ ಬರ್ತ್ ಕೂಡ ಈಗ ಪೂರ್ತಿ ಸತ್ಯವನ್ನೇ ಹೇಳುತ್ತೇನೆ. ಆದರೆ ಬೆಂಚಿನ ಮೇಲೆ ಕಮಲ ಕೂತಿದ್ದರೆ, ಸರಿಯಾಗಿ ಇಸವಿಯ ಹೊತ್ತಿಗೆ ನನಗೆ ಆ ಹಳೇ ಕೆಮ್ಮು ಬಂದುಬಿಡುತ್ತದೆ.