ನಾನು ಕಟ್ಟಿಸಿದ ರ‍್ಯಾಂಪು

ಸನ್ಮಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಚಾಮರಾಜಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಆರು ವರ್ಷದಿಂದ ನಾನೇ ಕಾರ್ಯದರ್ಶಿ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಇಷ್ಟಿದ್ದರೆ ಯಾವ ಕಾರ್ಯಕ್ರಮವನ್ನಾದರೂ ಗೆಲ್ಲಿಸಬಹುದೆಂದು ನನ್ನ ನಂಬಿಕೆ. ಆ ನಂಬಿಕೆಯಲ್ಲೇ ಈ ಸಲದ ಉಚಿತ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರಕ್ಕೂ ಕೈ ಹಾಕಿದೆ.

ನಮ್ಮ ಎದುರುಮನೆಯ ನಾಗರತ್ನ ಬ್ಲೌಸ್ ಹೊಲಿಯುವವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದದ್ದರಿಂದ ಗಾಲಿಕುರ್ಚಿಯಲ್ಲೇ ಓಡಾಟ. ಎರಡು ತಿಂಗಳಿಂದ ಅವರಿಗೆ ವಿಪರೀತ ಬಾಯಾರಿಕೆ, ಸುಸ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜು. ಅವರ ತಾಯಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಪರೀಕ್ಷೆ ಮಾಡಿಸೋಣವೆಂದರೆ ಹತ್ತಿರದ ಲ್ಯಾಬುಗಳೆಲ್ಲ ಮಹಡಿಯ ಮೇಲೆ. ನಮ್ಮ ಹಿಂದಿನ ಎರಡು ಶಿಬಿರಗಳಿಗಂತೂ ಅವರನ್ನು ಯಾರೂ ಕರೆದೇ ಇರಲಿಲ್ಲ. ನನ್ನ ಹೆಂಡತಿ ವಸಂತಾ ಇದನ್ನೆಲ್ಲ ಒಂದು ದಿನ ಬೆಳಗಿನ ಕಾಫಿಯ ಜೊತೆ ನನ್ನ ಮುಂದೆ ಕುಕ್ಕಿದಳು.

ನನಗೆ ಆವೇಶ ಬಂತು! "ಯಾರೂ ಹೊರಗಲ್ಲ, ಎಲ್ಲರೂ ಒಳಗೆ" ಎಂದು ಬ್ಯಾನರು ಬರೆಸಿದೆ. ನಾಗರತ್ನ ಅವರ ಮನೆಗೇ ಹೋಗಿ, ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬೆಳಿಗ್ಗೆ ಏಳೂವರೆಗೆ ಬನ್ನಿ ಎಂದು ವಿಧ್ಯುಕ್ತವಾಗಿ ಆಹ್ವಾನಿಸಿದೆ. ಮೂರು ವಾರ ಬಡಗಿಯ ತಲೆ ತಿಂದು ಮರದ ರ‍್ಯಾಂಪು ಮಾಡಿಸಿದೆ. ಒಂದು ಸಲ ಇಳಿಜಾರು ಹೆಚ್ಚಾಯಿತು, ಇನ್ನೊಂದು ಸಲ ಅಗಲ ಸಾಲಲಿಲ್ಲ. ಕೊನೆಗೆ ಸಮುದಾಯ ಭವನದ ಅಂಗಳದಲ್ಲಿ ಅದರ ಮೇಲೆ ನನ್ನ ಸ್ಕೂಟರನ್ನೇ ಹತ್ತಿಸಿ ನೋಡಿದೆ. ಸ್ಕೂಟರು ನಿಂತಿತು, ನಾನು ಹೂಕುಂಡದೊಳಗೆ ಕೂತೆ! ರ‍್ಯಾಂಪು ಗಟ್ಟಿ ಎಂಬುದಂತೂ ಸಾಬೀತಾಯಿತು.

ಶಿಬಿರದ ದಿನ ನಾಗರತ್ನ ಏಳು ಇಪ್ಪತ್ತಕ್ಕೇ ಬಂದರು. ನಾನೇ ಗಾಲಿಕುರ್ಚಿ ತಳ್ಳಿಕೊಂಡು ಸರ‍್ರನೆ ವೇದಿಕೆ ಹತ್ತಿಸಿದೆ. ಚಪ್ಪಾಳೆಯೋ ಚಪ್ಪಾಳೆ! ರಕ್ತ ಇಲ್ಲೇ ತೆಗೆದುಕೊಳ್ಳುತ್ತಾರಾ ಎಂದು ಅವರು ಮೆಲ್ಲಗೆ ಕೇಳಿದರು. ಮೊದಲು ನಿಮಗೆ ಸನ್ಮಾನ, ಮಿಕ್ಕಿದ್ದು ಆಮೇಲೆ ಎಂದೆ.

ಸನ್ಮಾನ ಮಾಡಬೇಕಿದ್ದ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂಬತ್ತೂವರೆಗೆ ಬಂದರು. ಅಷ್ಟರಲ್ಲಿ ಬೀದಿಯವರೆಲ್ಲ ರಕ್ತ ಕೊಟ್ಟು ಬಂದು, ನಾಗರತ್ನ ಅವರ ಕಣ್ಣೆದುರೇ ಇಡ್ಲಿ ವಡೆ ಬಾರಿಸುತ್ತಿದ್ದರು. ಅತಿಥಿಗಳು ವಿಶೇಷಚೇತನರ ಆತ್ಮಸ್ಥೈರ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದರು. ಅದನ್ನೇ ನಾನು ಮತ್ತೆ ಇಪ್ಪತ್ತು ನಿಮಿಷ ಮಾತನಾಡಿದೆ. ಶಾಲು ಹೊದಿಸಿ, ಪೇಟ ತೊಡಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟು, ಎರಡು ಮಾತಾಡಿ ಎಂದು ಮೈಕು ಹಿಡಿದೆ.

ಅವರು ಎರಡೇ ಮಾತಾಡಿದರು. "ಸಾರ್, ರಾತ್ರಿ ಎಂಟಕ್ಕೆ ಊಟ ಮಾಡಿದ್ದು, ತಲೆ ತಿರುಗ್ತಿದೆ. ಶಾಲು ಆಯ್ತಲ್ಲ, ಇನ್ನಾದ್ರೂ ಸೂಜಿ ಚುಚ್ಚಿಸಿ."

ಆಗ ನನಗೆ ಜ್ಞಾನೋದಯವಾಯಿತು. ತಪಾಸಣೆ ನಡೆಯುತ್ತಿದ್ದದ್ದು ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಹದಿನೆಂಟು. ಲಿಫ್ಟು ಇಲ್ಲ. ಮೂರು ವಾರ ಬೆವರು ಸುರಿಸಿ ನಾನು ರ‍್ಯಾಂಪು ಕಟ್ಟಿಸಿದ್ದು ವೇದಿಕೆಗೆ!

ಕುರ್ಚಿ ಸಮೇತ ಎತ್ತಿಬಿಡೋಣ, ನಾಲ್ಕು ಜನ ಬನ್ನಿ ಎಂದು ತೋಳು ಮಡಿಸಿದೆ.

"ನಾನೇನು ಗಣೇಶನಾ ಸಾರ್, ಎತ್ಕೊಂಡು ಹೋಗೋಕೆ? ಆ ರಕ್ತ ಪರೀಕ್ಷೆ ಪೆಟ್ಟಿಗೇನೇ ಕೆಳಗೆ ತರ್ಸಿ," ಎಂದರು ನಾಗರತ್ನ.

ಇಷ್ಟು ಸುಲಭದ ಉಪಾಯ ನಮ್ಮ ಕಾರ್ಯಕಾರಿ ಸಮಿತಿಯ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ವಸಂತಾ ಮೇಲಕ್ಕೆ ಓಡಿದಳು. ಸಾಮಾನು ಕಟ್ಟುತ್ತಿದ್ದ ನರ್ಸು ಪೆಟ್ಟಿಗೆ ಹಿಡಿದು ಇಳಿದು ಬಂದರು. ಹಿಡಿದದ್ದು ಎರಡೇ ನಿಮಿಷ!

ಬೆರಳಿಗೆ ಸೂಜಿ ಚುಚ್ಚಿದರು. ಖಾಲಿ ಹೊಟ್ಟೆಯಲ್ಲೇ ಸಕ್ಕರೆ ಇನ್ನೂರೈವತ್ತು ದಾಟಿತ್ತು. ನರ್ಸಿನ ಹಿಂದೆಯೇ ಇಳಿದು ಬಂದಿದ್ದ ಶಿಬಿರದ ವೈದ್ಯರು ಮಡಿಲಿನ ಬುಟ್ಟಿಯೊಳಗೆ ಇಣುಕಿ, ಈ ಸಪೋಟ, ದ್ರಾಕ್ಷಿ, ಬಾಳೆಹಣ್ಣು ಎಲ್ಲ ಕೊಟ್ಟ ಪುಣ್ಯಾತ್ಮರು ಯಾರು ಎಂದು ಕೇಳಿದರು. ಇಡೀ ಸಭೆ ನನ್ನ ಕಡೆ ತಿರುಗಿತು. ಇನ್ನೂ ತಡ ಮಾಡಿದ್ದರೆ ಕಣ್ಣಿಗೇ ಕುತ್ತು ಬರಬಹುದಿತ್ತು ಎಂದು ಅವರು ಹೇಳಿದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆ ಕಣ್ಣಿನಿಂದಲೇ ನಾಗರತ್ನ ಅವರ ಸಂಸಾರ ನಡೆಯುತ್ತಿದ್ದದ್ದು.

ಮಾತ್ರೆ ಶುರುವಾಗಿ ನಾಗರತ್ನ ಈಗ ಗೆಲುವಾಗಿದ್ದಾರೆ. ಸಂಘದವರು ಮುಂದಿನ ಶಿಬಿರದ ಪೂರ್ತಿ ಜವಾಬ್ದಾರಿಯನ್ನು ಅವರಿಗೇ ಒಪ್ಪಿಸಿದರು. ಅವರು ವೇದಿಕೆ ತೆಗೆಸಿ, ತಪಾಸಣೆಯ ಮೇಜುಗಳನ್ನೆಲ್ಲ ನೆಲಮಹಡಿಯ ಬಾಗಿಲ ಪಕ್ಕಕ್ಕೇ ಹಾಕಿಸಿದರು. ಕಿವಿ ಕೇಳದವರಿಗೆಂದು ಪ್ರತಿ ಮೇಜಿಗೂ ದಪ್ಪಕ್ಷರದ ಫಲಕ ಬಂತು. ಮಂಡಿ ನೋವಿನ ಅಜ್ಜಂದಿರು, ಬಸುರಿಯರು, ಈವರೆಗೆ ಮುಖವನ್ನೇ ತೋರಿಸದಿದ್ದವರು ಎಲ್ಲ ಬಂದು ಸಾಲು ಬೀದಿಯ ತಿರುವು ದಾಟಿತು!

ನನಗೂ ಒಂದು ಕೆಲಸ ಕೊಟ್ಟಿದ್ದರು, ಯಾರೂ ಭಾಷಣ ಮಾಡದಂತೆ ಮೈಕು ಕಾಯುವುದು. ಕಟ್ಟುನಿಟ್ಟಾಗಿ ಕಾದೆ. ಇಡೀ ದಿನದಲ್ಲಿ ಮೈಕಿಗೆ ಕೈ ಹಾಕಿ ಸಿಕ್ಕಿಬಿದ್ದವನು ಒಬ್ಬನೇ, ಅದು ನಾನೇ.