ಹರಗೋಲಿನಲ್ಲಿ ಶಾಸನಸಭೆ ನಡೆಸಿದ ವಕೀಲರಿಗೆ

ಮಾನವಿ
ಡಿಸೆಂಬರ್ ೧೯೪೯

ರಾಯಚೂರಿನ ಖ್ಯಾತ ವಕೀಲರೂ, ವಿಸರ್ಜನೆಯಾಗಿ ಹೋದ ಹಳೆಯ ಶಾಸನಸಭೆಯ ಮಾಜಿ ಸದಸ್ಯರೂ, ಇನ್ನೂ ಹುಟ್ಟದ ಹೊಸ ಸಭೆಯ ಭಾವಿ ಸದಸ್ಯರೂ, ಎರಡರ ನಡುವಿನ ಖಾಲಿ ಕಾಲವನ್ನು ಜನ ಕುಳಿತಲ್ಲೆಲ್ಲ ಭಾಷಣದಿಂದ ತುಂಬುತ್ತಿರುವವರೂ ಆದ ಶ್ರೀಮಾನ್ ಪ್ರಾಣೇಶರಾಯರಿಗೆ, ಮಾನವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮಗ್ಗಿ ಹೇಳಿಕೊಡುವ ಸತ್ಯಭಾಮಾಬಾಯಿಯ ಅನೇಕ ನಮಸ್ಕಾರಗಳು.

ಮಾನ್ಯರೇ, ಕಳೆದ ಸೋಮವಾರ ಕೃಷ್ಣಾ ನದಿಯ ನಡುವೆ, ಎರಡು ಬಂಡೆಗಳಿಗೆ ಸಿಕ್ಕಿಕೊಂಡ ಹರಗೋಲಿನಲ್ಲಿ, ತಮ್ಮೊಡನೆ ಎರಡೂವರೆ ತಾಸು ಕಳೆಯುವ ಭಾಗ್ಯ ನನಗೆ ಒದಗಿತು. ಅಂಥ ಭಾಗ್ಯ ಇನ್ನೊಮ್ಮೆ ಒದಗದಿರಲೆಂಬ ಒಂದೇ ಆಸೆಯಿಂದ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಅಲ್ಲಿಗೇಕೆ ಬಂದಿದ್ದೆನೆಂದು ತಾವು ಕೇಳಲಿಲ್ಲ. ಕೇಳುವುದಕ್ಕೆ ತಮ್ಮ ಭಾಷಣದಲ್ಲಿ ಎಡೆ ಇರಲಿಲ್ಲ. ಗೂಗಲ್ ಗ್ರಾಮದ ಎದುರಿನ ನಡುಗಡ್ಡೆಯಲ್ಲಿ ಮತ ಹಾಕುವ ವಯಸ್ಸಿನ ಇಪ್ಪತ್ತಮೂರು ಹೆಂಗಸರಿದ್ದಾರೆ. ಮತದಾರರ ಪಟ್ಟಿ ಬರೆಯಲು ಹೋದ ಗುಮಾಸ್ತರ ಮುಂದೆ ಹೆಸರು ಹೇಳಲು ನಾಚಿ ಅವರು ಸೆರಗು ಮುಂದೆಳೆದುಕೊಂಡರಂತೆ; ಗುಮಾಸ್ತರು 'ಪಕೀರಪ್ಪನ ಹೆಂಡತಿ', 'ಮಾರೆಪ್ಪನ ಹೆಂಡತಿ' ಎಂದು ಬರೆದು ತಂದರಂತೆ; ಸ್ವಂತ ಹೆಸರು ಹೇಳದವರಿಗೆ ಮತವಿಲ್ಲವೆಂದು ಹುಕುಂ ಬಂದು ಇಪ್ಪತ್ತಮೂರು ಸಾಲಿಗೂ ಕೆಂಪು ಗೆರೆ ಬಿತ್ತು. ಹೆಂಗಸು ಹೋಗಿ ಕೇಳಿದರೆ ಹೇಳಿಯಾರೆಂದು ಕಚೇರಿಯವರು ನನ್ನನ್ನು ಕಳುಹಿಸಿದರು. ಗಡುವು ಅದೇ ಸಂಜೆಗೆ.

ನಾನೂ, ಕಾಗದದ ಗಂಟು ಹೊತ್ತಿದ್ದ ಕಚೇರಿಯ ಜವಾನ ವಲಿ ಪಾಷಾನೂ ಹರಗೋಲು ಹತ್ತಿ ಕುಳಿತಿದ್ದೆವು. ಅಂಬಿಗ ಆದೆಪ್ಪ ಹುಟ್ಟು ಎತ್ತಿದ್ದ. ಅಷ್ಟರಲ್ಲಿ ತಾವು ಕೊಡೆ ಬೀಸುತ್ತ ಓಡಿಬಂದು ಹತ್ತಿ, ಮೂವರು ಕುಳಿತಿರುವುದನ್ನು ಕಂಡು ಇದು ಸಭೆಯೆಂದು ತಿಳಿದಿರಿ. ಅಧಿಕಾರವು ದಿಲ್ಲಿಯಿಂದ ಹೈದರಾಬಾದಿಗೂ, ಅಲ್ಲಿಂದ ರಾಯಚೂರಿಗೂ, ಅಲ್ಲಿಂದ ದೇವದುರ್ಗಕ್ಕೂ ಇಳಿದು ಬರಬೇಕೆಂದು ತಾವು ಹೇಳುವವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ಅದು ಹರಗೋಲಿಗೂ ಇಳಿಯಬೇಕೆಂದಾಗ ತೊಂದರೆ ಶುರುವಾಯಿತು. ಹುಟ್ಟು ಒಬ್ಬನ ಕೈಯಲ್ಲೇ ಇರುವುದು ನಿರಂಕುಶ ಪ್ರಭುತ್ವವೆಂದು ಗೊತ್ತುವಳಿ ಮಂಡಿಸಿ, ತಾವೇ ಅನುಮೋದಿಸಿ, ಆದೆಪ್ಪನನ್ನು ಸ್ಥಳೀಯ ಸರ್ಕಾರವಾಗಿಯೂ, ಇನ್ನೊಂದು ಹುಟ್ಟು ಕೊಟ್ಟು ವಲಿ ಪಾಷಾನನ್ನು ಪ್ರಾಂತ್ಯವಾಗಿಯೂ ನೇಮಿಸಿ, ಮೂರನೆಯ ಹುಟ್ಟು ಇಲ್ಲದ್ದರಿಂದ ಕೊಡೆಯನ್ನೇ ನೀರಿಗಿಳಿಸಿ ತಾವು ಕೇಂದ್ರವಾದಿರಿ.

"ಯಪ್ಪಾ, ಹುಟ್ಟು ಒಬ್ಬರ ಕೈಯಾಗ ಇರ್ಬೇಕ್ರಿ, ಇಲ್ಲಂದ್ರ ತಿರಗ್ತದ್ರಿ," ಎಂದು ಆದೆಪ್ಪ ಕೈಮುಗಿದ.

"ತಿರಗಲಿ ಬಿಡೋ. ಪ್ರಜಾಪ್ರಭುತ್ವ ಅಂದಮ್ಯಾಲ ಸ್ವಲ್ಪ ತಿರಗೂದ," ಎಂದು ತಾವು ಅಪ್ಪಣೆ ಕೊಡಿಸಿದಿರಿ.

ತಮ್ಮ ಮಾತು ಸುಳ್ಳಾಗಲಿಲ್ಲ. ಗೂಗಲ್ಲಿನ ಗುಡಿ ನನ್ನ ಬಲಗಡೆ ಹನ್ನೊಂದು ಸಲ, ಎಡಗಡೆ ಹನ್ನೊಂದು ಸಲ ಬಂದು ಹೋಯಿತು. ಬೆಳಿಗ್ಗೆ ತಿಂದ ಅವಲಕ್ಕಿ ನನ್ನೊಳಗೆ ಸ್ವಯಮಾಡಳಿತ ಕೇಳತೊಡಗಿತು. ವಲಿ ಪಾಷಾ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಿದ್ದ. ಹೀಗೆ ತಿರುಗುತ್ತ ತೇಲುತ್ತ ನಡುಗಡ್ಡೆಯನ್ನು ದಾಟಿ ಕೆಳಗೆ ಹೋಗಿ, ನಮ್ಮ ಹರಗೋಲು ಎರಡು ಬಂಡೆಗಳ ನಡುವೆ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ತಳದಿಂದ ನೀರು ಜಿನುಗತೊಡಗಿತು.

ಡಾಂಬರು ಬಳಿದಿದ್ದರೆ ಸೋರುತ್ತಿರಲಿಲ್ಲವೆಂದು ಆದೆಪ್ಪ ಬಾಯಿ ತಪ್ಪಿ ಅಂದುಬಿಟ್ಟ. ಅದು ತಮಗೆ ಎರಡನೆಯ ಗೊತ್ತುವಳಿಯಾಯಿತು. ಡಾಂಬರಿನ ಅನುದಾನ ಯಾವ ಬೊಕ್ಕಸದಿಂದ ಬರಬೇಕೆಂಬುದರ ಮೇಲೆ ತಾವು ಪರವಾಗಿ ಒಂದು ತಾಸು, ವಿರೋಧವಾಗಿ ಮುಕ್ಕಾಲು ತಾಸು ಮಾತನಾಡಿದಿರಿ. ಎರಡು ಪಕ್ಷವೂ ಒಂದೇ ಬಾಯಿಂದ ಅಷ್ಟು ನಿಷ್ಪಕ್ಷಪಾತವಾಗಿ ಹೊರಡುವುದನ್ನು ನಾನು ಹಿಂದೆ ಕೇಳಿರಲಿಲ್ಲ. ಆದೆಪ್ಪ ತನ್ನ ರುಮಾಲು ಬಿಚ್ಚಿ ತೂತಿಗೆ ತುರುಕಿದ. ನಾನು ಪಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲವರೆಗಿನ ನೀರಿನಲ್ಲಿ ಕುಳಿತು, ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತಿದ್ದೆ. ನಿಜ ಹೇಳುತ್ತೇನೆ ಮಾನ್ಯರೇ, ನನಗೆ ಅಳು ಬಂದಿತ್ತು. ಮುಳುಗುವ ಭಯಕ್ಕಲ್ಲ, ಆ ಕೆಂಪು ಗೆರೆಗಳು ಹಾಗೇ ಉಳಿಯುತ್ತವಲ್ಲ ಎಂದು.

ನಡುಗಡ್ಡೆಯ ಗಂಡಸರೆಲ್ಲ ಹತ್ತಿ ಬಿಡಿಸಲು ಜಾಲಹಳ್ಳಿ ಕಡೆಗೆ ಹೋಗಿದ್ದರು. ನಮ್ಮನ್ನು ಕಂಡವಳು ಬಟ್ಟೆ ಒಗೆಯುತ್ತಿದ್ದ ಯಮನಮ್ಮ ಎಂಬ ಹಿರಿಯ ಹೆಂಗಸು. ಆಕೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ಹಗ್ಗದ ತುದಿ ಹಲ್ಲಿನಲ್ಲಿ ಕಚ್ಚಿ ಈಜಿ ಬಂದು, ಹರಗೋಲಿಗೆ ಗಂಟು ಹಾಕಿದಳು. "ಮೊದಲು ಬಾಯಿ ಮುಚ್ಚಿ ಕುಂಡ್ರು ಯಪ್ಪಾ, ಹರಗೋಲು ಅಳ್ಳಾಡ್ತದ," ಎಂದು ತಮಗೆ ಹೇಳಿದ್ದೂ ಆಕೆಯೇ. ಆ ದಿನ ಅಂಗೀಕಾರವಾದ ಗೊತ್ತುವಳಿ ಅದೊಂದೇ.

ಆಮೇಲೆ ಆಕೆ ದಡದತ್ತ ತಿರುಗಿ ಕೂಗಿದಳು. "ಲೇ ಹುಲಿಗೆಮ್ಮಾ, ಹಗ್ಗ ಬಿಡಬ್ಯಾಡ! ಅಯ್ಯಮ್ಮಾ, ನೀ ಹಿಂದ ನಿಂತು ಜಗ್ಗು! ನರಸಮ್ಮಾ, ಕಾಲು ಊರಬೇ!" ದಡದ ಹೆಂಗಸರೂ ಒಬ್ಬರನ್ನೊಬ್ಬರು ಕೂಗತೊಡಗಿದರು. ಗುಮಾಸ್ತರ ಮುಂದೆ ಪಿಸುಮಾತಿನಲ್ಲೂ ಹೊರಡದ ಹೆಸರುಗಳು ಹೊಳೆಯಗಲಕ್ಕೂ ಮೊಳಗಿದವು. ನಾನು ತಲೆಯ ಮೇಲಿನ ಪಟ್ಟಿ ಇಳಿಸಿ, ಪೆನ್ಸಿಲು ತೆಗೆದು, ಒಂದೊಂದಾಗಿ ಬರೆದುಕೊಂಡೆ. ದಡ ಮುಟ್ಟುವಷ್ಟರಲ್ಲಿ ಇಪ್ಪತ್ತೆರಡಾಗಿತ್ತು. ಒದ್ದೆ ಸೀರೆ ಹಿಂಡುತ್ತ ಯಮನಮ್ಮ ಬಗ್ಗಿ ನೋಡಿದಳು. "ನಂದೂ ಬರ್ಕೋ ಯವ್ವಾ. ಯಮನಮ್ಮ ಅಂತ ಬರಿ. ನಮ್ಮ ಮನಿಯಾವನ ಹೆಸರು ಮುಂದ ಹಾಕಬ್ಯಾಡ. ಹಗ್ಗ ಜಗ್ಗಿದಾಕಿ ನಾನು."

ಕತ್ತಲಾಗುವ ಮೊದಲೇ ವಲಿ ಪಾಷಾ ಪಟ್ಟಿಯನ್ನು ಕಚೇರಿಗೆ ಮುಟ್ಟಿಸಿದ. ಇಪ್ಪತ್ತಮೂರೂ ಸಿಂಧುವಾದವು.

ಆದ್ದರಿಂದ ಈ ದೂರು ಅರ್ಧ ಕೃತಜ್ಞತೆಯೂ ಹೌದು. ತಾವು ಮುಳುಗಿಸಲು ಹೊರಡದಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ. ಹೊಸ ಶಾಸನಸಭೆಯನ್ನು ಅದೇ ಎರಡು ಬಂಡೆಗಳ ನಡುವೆ ಕಟ್ಟಿಸಬೇಕೆಂದೂ, ತಮಗೆ ಅಲ್ಲಿ ಜೀವಮಾನವಿಡೀ ಒಂದು ಆಸನ ಕೊಡಬೇಕೆಂದೂ, ಮಾತು ಮುಗಿಯುವವರೆಗೆ ಯಾರೂ ಹಗ್ಗ ಎಸೆಯಕೂಡದೆಂದೂ ಸರ್ಕಾರಕ್ಕೆ ವಿನಂತಿಸುತ್ತೇನೆ. ಆದೆಪ್ಪನ ರುಮಾಲು ಮಾತ್ರ ತಾವೇ ಕೊಡಿಸಿಬಿಡಿ, ಯಾವ ಬೊಕ್ಕಸವನ್ನೂ ಕೇಳದೆ.

ನೆಗಡಿಯಿಂದ ಇನ್ನೂ ಸೀನುತ್ತಿರುವ
ತಮ್ಮ ವಿಶ್ವಾಸಿ,
ಸತ್ಯಭಾಮಾಬಾಯಿ

ತಾ.ಕ.: ನಿನ್ನೆ ರಾಯಚೂರಿಗೆ ಬಂದಿದ್ದೆ, ಪಟ್ಟಣದ ಪಟ್ಟಿಯ ಮೇಲೂ ಕಣ್ಣಾಡಿಸಿದೆ. ತಮ್ಮ ಹೆಸರಿನ ಕೆಳಗೆ, ತಮ್ಮದೇ ಅಕ್ಷರದಲ್ಲಿ, 'ವಕೀಲರ ಕುಟುಂಬ' ಎಂದಿತ್ತು. ಅದಕ್ಕೂ ಕೆಂಪು ಗೆರೆ ಬಿದ್ದಿತ್ತು. ಪಟ್ಟಣಕ್ಕೆ ಇನ್ನೆರಡು ದಿನ ಗಡುವಿದ್ದುದರಿಂದ ಮನೆಗೇ ಹೋದೆ. ಸ್ತ್ರೀಯರ ಪೌರಹಕ್ಕಿನ ಬಗ್ಗೆ ಮಾತನಾಡಲು ತಾವು ಯರಗೇರಾಕ್ಕೆ ಹೋಗಿದ್ದಿರಿ. ತಮ್ಮ ಧರ್ಮಪತ್ನಿ ಕೈ ಒರೆಸಿಕೊಂಡು ಬಂದು ಒಂದೇ ಉಸಿರಿಗೆ ತನ್ನ ಹೆಸರು ಹೇಳಿದರು, ಬರೆದುಕೊಂಡಿದ್ದೇನೆ. "ಹೆಸರೇನಂತ ಅವರಿಗೆ ಮಾತ್ರ ಹೇಳಬ್ಯಾಡ್ರಿ. ನೆನಪದನೋ ಇಲ್ಲೋ ನೋಡೋಣಂತ," ಎಂದರು. ನೆನಪಾಗದಿದ್ದರೆ, ಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ಎಲ್ಲರಂತೆ ಸಾಲಿನಲ್ಲಿ ನಿಂತು ಓದಿಕೊಳ್ಳಬೇಕಾಗಿ ವಿನಂತಿ.