ಭಾವನ ಹಿಮನದಿ

ನಮ್ಮ ಭಾವನಷ್ಟು ಹಿಮಾಲಯವನ್ನು ಬಲ್ಲವರು ಬಸ್ರೂರಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಅವರು ಕಣ್ಣಾರೆ ಕಂಡ ಮಂಜುಗಡ್ಡೆಯೆಂದರೆ ಗಂಗೊಳ್ಳಿ ಬಂದರಿನ ಮೀನಿನ ಪೆಟ್ಟಿಗೆಯಲ್ಲಿದ್ದದ್ದು ಮಾತ್ರ! ಅಕ್ಕನ ಗಂಡ. ನಮ್ಮ ಮನೆಯ ಚಾವಡಿಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ಉಪಗ್ರಹ ತೆಗೆದ ಚಿತ್ರಗಳಲ್ಲಿ ಹಿಮನದಿಗಳು ಎಷ್ಟು ಕರಗಿದವೆಂದು ಅಳೆಯುವುದು ಅವರ ಕೆಲಸ. ಹಳೆಯ ಚಿತ್ರದ ಮೇಲೆ ಹೊಸದನ್ನು ಇಟ್ಟು, ಹಿಮದ ಅಂಚು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಗೆರೆ ಎಳೆಯುತ್ತಾರೆ.

ಈ ಚಾಳಿ ಕಂಪ್ಯೂಟರಿನೊಳಗೇ ಇದ್ದಿದ್ದರೆ ಯಾರಿಗೆ ತೊಂದರೆ? ನನ್ನ ಮದುವೆಯ ಫೋಟೋದ ಮೇಲೆ ಈ ವರ್ಷದ ಫೋಟೋ ಇಟ್ಟು ನನ್ನ ಹಣೆಗೂ ಗೆರೆ ಎಳೆದರು! ನಾನು ಪಕ್ಕದ ಕೂದಲನ್ನು ಮುಂದಕ್ಕೆ ಬಾಚಿ ತೋರಿಸಿದೆ. ಹೊಸದಾಗಿ ಬಿದ್ದ ಹಿಮವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಮೂಲದ್ದು ಎಷ್ಟಿದೆಯೋ ಅಷ್ಟೇ ಎಂದು ತೀರ್ಪು ಕೊಟ್ಟರು.

ಅಮ್ಮ ಅಂಗಳದ ತರಗೆಲೆಗೆ ಬೆಂಕಿ ಹಚ್ಚಿದರೆ ಭಾವ ಒಳಗಿನಿಂದ ಓಡಿಬರುತ್ತಾರೆ. ಭೂಮಿ ಕಾದದ್ದು ಸಾಲದೆಂದು ಹೊಗೆಯ ಮಸಿಯೂ ಹಾರಿಹೋಗಿ ಹಿಮದ ಮೇಲೆ ಕೂರುತ್ತದಂತೆ. ಕಪ್ಪಾದ ಹಿಮ ಬಿಸಿಲು ಹೀರಿ ಇನ್ನೂ ಬೇಗ ಕರಗುತ್ತದಂತೆ.

"ಎಂತ ಹೇಳ್ತ್ರಿ ನೀವ್? ನನ್ನ ಹೊಗೆ ಕುಂದಾಪ್ರ ದಾಟುದೇ ಕಷ್ಟ, ಹಿಮಾಲಯಕ್ಕ್ ಹೋತ್ತಾ?" ಎಂದರು ಅಮ್ಮ. ಆದರೂ ಮರುದಿನದಿಂದ ತರಗೆಲೆ ತೆಂಗಿನ ಬುಡ ಸೇರಿತು.

ಭಾವನಿಗೆ ಒಂದು ಪುಟ್ಟ ಹಿಮನದಿಯ ಮೇಲೆ ವಿಪರೀತ ಪ್ರೀತಿ. ಹೆಸರೂ ಇಲ್ಲದ್ದು, ಬರೀ ನಂಬರು. ಕಲಿಯುವಾಗ ಮೊದಲು ಅಳೆದದ್ದು ಅದನ್ನೇ. ಪ್ರತಿ ವರ್ಷ ಮಳೆಗಾಲ ಮುಗಿದು ಹೊಸ ಹಿಮ ಬೀಳುವ ಮೊದಲು ಅದರ ಚಿತ್ರ ನೋಡುತ್ತಾರೆ. ಪ್ರತಿ ವರ್ಷವೂ ಅದು ಕುಗ್ಗಿರುತ್ತದೆ. ಚಿತ್ರದಲ್ಲಿ ಮೋಡ ಕಂಡರೆ ಬೈಯುವ ಮನುಷ್ಯ, ಈ ಸಲ ಅದರ ಮೇಲೆ ಮೋಡ ಕವಿದದ್ದಕ್ಕೆ ಖುಷಿಪಟ್ಟರು! ಕೆಳಗೆ ಅದು ಇಲ್ಲವೇ ಇಲ್ಲವಾಗಿದ್ದರೆ ಎಂಬ ಹೆದರಿಕೆ ಅವರಿಗೆ.

ಕೊನೆಗೊಂದು ಬೆಳಿಗ್ಗೆ ಮೋಡವಿಲ್ಲದ ಚಿತ್ರ ಬಂತು. ಗೆರೆ ಎಳೆಯಲು ಏನೂ ಉಳಿದಿರಲಿಲ್ಲ, ಬರೀ ಕಲ್ಲು. ಭಾವ ಕಂಪ್ಯೂಟರ್ ಮುಚ್ಚಿ ಜಗಲಿಯಲ್ಲಿ ಹೋಗಿ ಕೂತರು. ಅವರನ್ನು ನೋಡಿ ನನಗೆ ಸಂಕಟವಾಯಿತು.

ಅಷ್ಟರಲ್ಲಿ ಮೀನು ಮಾರುವಾಕೆ ಗೇಟಿನಲ್ಲಿ ಕೂಗಿದಳು. ಸಾವಿನ ಸೂತಕ ಬಿಟ್ಟರೆ ನಮ್ಮ ಮನೆಯಲ್ಲಿ ಮೀನಿಲ್ಲದ ಊಟವಿಲ್ಲ. ಅಮ್ಮ ಇವತ್ತು ಬೇಡವೆಂದರು.

"ಯಾರ್ ತೀರ್ಕಂಡ್ರ್, ಅಮ್ಮ?" ಅವಳು ದನಿ ತಗ್ಗಿಸಿ ಕೇಳಿದಳು.

"ಅಳಿಯನ ಬದಿಯೋರ್ ಒಬ್ರ್," ಎಂದರು ಅಮ್ಮ. "ದೂರದಲ್ಲಿದ್ದೋರ್."

ಭಾವ ಎದ್ದು ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.